ಸಂಪಾದಕರ ಮಾತು: ರಾಮಾಚಾರಿಯ ಇಬ್ಬರು ಕರ್ತೃಗಳು

ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ನೋಡಲೆಂದು ದೂರದ ಊರುಗಳಿಂದ ಬರುವವರಲ್ಲಿ ಬಹುಮಂದಿ, ಮದಕರಿನಾಯಕನ ವೃತ್ತಾಂತವನ್ನು ಕೇಳಿ, ಓಬವ್ವನ ಕಿಂಡಿಯನ್ನು ಬಗ್ಗಿ ನೋಡಿದ ತರುವಾಯ ವಿಚಾರಿಸುವ ಮೂರನೆಯ ಹೆಸರು ರಾಮಾಚಾರಿಯದು. ಮೊದಲಿನ ಇಬ್ಬರಲ್ಲಿ ಒಬ್ಬನು ಇತಿಹಾಸಕ್ಕೂ ಮತ್ತೊಬ್ಬಳು ಜನಶ್ರುತಿಗೂ ಸೇರಿದವರು. ರಾಮಾಚಾರಿಯಾದರೋ ಯಾವ ಶಾಸನದಲ್ಲಿಯೂ ಯಾವ ಬಖೈರಿನಲ್ಲಿಯೂ ಇಲ್ಲದವನು, ಒಬ್ಬ ಕಾದಂಬರಿಕಾರರ ಲೇಖನಿಯಿಂದ ಹೊರಟು ಒಬ್ಬ ನಿರ್ದೇಶಕರ ಕ್ಯಾಮೆರಾದ ಮುಂದೆ ಬಂದು ನಿಂತವನು. ಹಾಗಿದ್ದೂ ಈ ಬಂಡೆಗಳ ಮೇಲೆ ಅವನು ನಿಜವಾಗಿಯೂ ಓಡಾಡಿದ್ದನೆಂಬಂತೆ ಜನ ಮಾತನಾಡುವರು. ಕಾದಂಬರಿಗೂ ಚಲನಚಿತ್ರಕ್ಕೂ ಇರುವ ನಂಟನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದಾಗ, ಚಂದ್ರವಳ್ಳಿಯ ನೆರೆಯವರಾದ ನಾವು ಉದಾಹರಣೆಗಾಗಿ ಬೇರೆಡೆಗೆ ಹೋಗಬೇಕಾದ ಪ್ರಮೇಯವೇ ಇಲ್ಲ.

ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು, ಎಂದರೆ ನಮ್ಮ ತ.ರಾ.ಸು. ಅವರು, 1920ರಲ್ಲಿ ಹುಟ್ಟಿ 1984ರಲ್ಲಿ ತೀರಿಕೊಂಡರು. ಚಳ್ಳಕೆರೆ ಸೀಮೆಯ ತಳುಕು ಅವರ ಮನೆತನದ ಊರು. ಕುವೆಂಪು ಅವರಿಗೆ ಗುರುಗಳಾಗಿದ್ದ ಟಿ.ಎಸ್. ವೆಂಕಣ್ಣಯ್ಯನವರೂ ಅದೇ ಮನೆತನದವರು. ಸ್ವಾತಂತ್ರ್ಯ ಚಳವಳಿಯಲ್ಲಿ ವಿದ್ಯಾಭ್ಯಾಸವನ್ನು ಬಿಟ್ಟು ಹೊರಬಂದ ಈ ತರುಣರು, ಅ.ನ.ಕೃ. ಮೊದಲಾದವರೊಡನೆ ಪ್ರಗತಿಶೀಲ ಸಾಹಿತ್ಯದ ಮುಂಚೂಣಿಯಲ್ಲಿ ನಿಂತು, ಒಂದು ಕಡೆ ಸಮಕಾಲೀನ ಸಮಾಜದ ಹುಣ್ಣುಗಳನ್ನೂ ಇನ್ನೊಂದು ಕಡೆ ದುರ್ಗದ ಪಾಳೆಯಗಾರರ ಏಳುಬೀಳುಗಳನ್ನೂ ಬರೆಯುತ್ತ ಹೋದರು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ಹಿಡಿದು, ಮರಣೋತ್ತರವಾಗಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ‘ದುರ್ಗಾಸ್ತಮಾನ’ದವರೆಗೆ, ಈ ಕೋಟೆಯ ಕಲ್ಲುಗಳಿಗೆ ಅವರಷ್ಟು ಕಿವಿಗೊಟ್ಟ ಲೇಖಕರು ಮತ್ತೊಬ್ಬರಿಲ್ಲ. 1779ರಲ್ಲಿ ಹೈದರಾಲಿಯ ವಶವಾದ ಕೋಟೆಯ ಅವಸಾನವನ್ನು ಬರೆದ ಕೈಯೇ, ಆ ಕೋಟೆಯ ಬುಡದಲ್ಲಿ ಬೆಳೆದ ಇಪ್ಪತ್ತನೆಯ ಶತಮಾನದ ಒಬ್ಬ ಕಾಲೇಜು ಹುಡುಗನ ಅವಸಾನವನ್ನೂ ಬರೆಯಿತೆಂಬುದನ್ನು ಓದುಗರು ಲಕ್ಷ್ಯದಲ್ಲಿಡಬೇಕು. ಎರಡರಲ್ಲಿಯೂ ಬಾಗಲೊಲ್ಲದ ಒಂದು ಪೌರುಷ ಉಂಟು, ಮತ್ತು ಆ ಪೌರುಷಕ್ಕೆ ಒಳಗಿನಿಂದಲೇ ಬಂದೊದಗುವ ವಿಪತ್ತೂ ಉಂಟು.

ಆ ಹುಡುಗನ ಕಥೆಯನ್ನು ಅವರು ಒಂದು ಪುಸ್ತಕದಲ್ಲಿ ಮುಗಿಸಲಿಲ್ಲ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳಲ್ಲಿ ಅದು ಹರಡಿಕೊಂಡಿದೆ. ಪುಟ್ಟಣ್ಣ ಕಣಗಾಲರು ಈ ಮೂರನ್ನೂ ಒಂದೇ ಚಿತ್ರವಾಗಿ ಹೆಣೆದರು, ಎನ್. ವೀರಾಸ್ವಾಮಿಯವರ ನಿರ್ಮಾಣದ ‘ನಾಗರಹಾವು’ 1972ರ ಡಿಸೆಂಬರ್ ಕೊನೆಯಲ್ಲಿ ತೆರೆಗೆ ಬಂದಿತು. ಅದಕ್ಕೆ ಮೊದಲು ‘ವಂಶವೃಕ್ಷ’ ಚಿತ್ರದ ಒಂದು ಕಿರುಪಾತ್ರದಲ್ಲಿ ಕಾಣಿಸಿಕೊಂಡಿದ್ದ ಸಂಪತ್ ಕುಮಾರ್ ಎಂಬ ತರುಣನನ್ನು ವಿಷ್ಣುವರ್ಧನ್ ಎಂಬ ಹೊಸ ಹೆಸರಿನಿಂದ ರಾಮಾಚಾರಿಯನ್ನಾಗಿ ಮಾಡಿ, ಕೆ.ಎಸ್. ಅಶ್ವತ್ಥರನ್ನು ಚಾಮಯ್ಯ ಮೇಷ್ಟ್ರಾಗಿಯೂ ಲೀಲಾವತಿಯವರನ್ನು ತುಂಗಮ್ಮನಾಗಿಯೂ ಆರತಿ, ಶುಭಾ ಇಬ್ಬರನ್ನು ಅಲಮೇಲು, ಮಾರ್ಗರೆಟ್ಟರಾಗಿಯೂ ನಿಲ್ಲಿಸಿದ ಆ ಚಿತ್ರದ ಯಶಸ್ಸನ್ನು ನಾವು ಇಲ್ಲಿ ವರ್ಣಿಸಬೇಕಾಗಿಲ್ಲ. ಜಲೀಲನ ಪಾತ್ರದಲ್ಲಿ ಮೊದಲ ಬಾರಿಗೆ ತೆರೆಗೆ ಬಂದ ಅಂಬರೀಷರನ್ನು ನೆನೆದು ಮುಂದೆ ಸಾಗೋಣ.

ಬಾಲ್ಯದಿಂದ ಪ್ರೌಢಿಮೆಗೆ ನಡೆಯುವ ಒಂದು ಜೀವದ ಕಥೆಗೆ ಎಲ್ಲಕ್ಕಿಂತ ಮಿಗಿಲಾಗಿ ಬೇಕಾದದ್ದು ಕಾಲ. ಹುಡುಗನೊಬ್ಬನು ಬೆಳೆದನೆಂದು ಹೇಳಿದ ಮಾತ್ರಕ್ಕೆ ಅವನು ಬೆಳೆಯನು. ಓದುಗನು ಅವನೊಡನೆ ಹಲವು ಸಂಜೆಗಳನ್ನು ಕಳೆದಿರಬೇಕು, ಅವನ ಕೋಪ ಏಳುವುದನ್ನೂ ಇಳಿಯುವುದನ್ನೂ ಮತ್ತೆ ಏಳುವುದನ್ನೂ ಕಂಡು ಬೇಸತ್ತಿರಬೇಕು, ಆಮೇಲೆ ಆ ಬೇಸರವೇ ಮಮತೆಯಾಗಿ ತಿರುಗಿರಬೇಕು. ವಂಗಭಾಷೆಯಲ್ಲಿ ಬಿಭೂತಿಭೂಷಣ ಬಂದ್ಯೋಪಾಧ್ಯಾಯರು ಅಪುವಿನ ಕಥೆಯನ್ನು ‘ಪಥೇರ್ ಪಾಂಚಾಲಿ’, ‘ಅಪರಾಜಿತ’ ಎಂಬ ಎರಡು ಕಾದಂಬರಿಗಳಲ್ಲಿ ಬರೆದರು. ಸತ್ಯಜಿತ್ ರಾಯರು ಆ ಎರಡರಿಂದ 1955, 1956, 1959ರಲ್ಲಿ ಒಂದರ ಹಿಂದೊಂದು ಮೂರು ಚಿತ್ರಗಳನ್ನು ಮಾಡಿದರು. ಎರಡು ಕಾದಂಬರಿಗಳು ಅಲ್ಲಿ ಮೂರು ಚಿತ್ರಗಳಾದವು, ಇಲ್ಲಿ ಮೂರು ಕಾದಂಬರಿಗಳು ಒಂದು ಚಿತ್ರವಾದವು. ರಾಯರಿಗೆ ಅಪುವನ್ನು ಶಿಶುವಾಗಿ, ಹುಡುಗನಾಗಿ, ತಂದೆಯಾಗಿ ಬೇರೆ ಬೇರೆ ನಟರಲ್ಲಿ ಕಾಣಿಸುವ ಅವಕಾಶವಿದ್ದಿತು. ಪುಟ್ಟಣ್ಣನವರಿಗೆ ಇದ್ದದ್ದು ಒಂದು ಮುಖ, ಒಂದು ಊರು, ಮೂರು ಗಂಟೆಗಳ ಆಸುಪಾಸಿನ ಒಂದು ಅವಧಿ. ಈ ಇಕ್ಕಟ್ಟಿನಲ್ಲಿ ಅವರು ಕಾಲವನ್ನು ಬಿಟ್ಟುಕೊಟ್ಟು ಸ್ಥಳವನ್ನು ಹಿಡಿದುಕೊಂಡರೆಂದು ನಮ್ಮ ಅಭಿಪ್ರಾಯ. ಚಿತ್ರದ ರಾಮಾಚಾರಿ ವರ್ಷಗಳಲ್ಲಿ ಬೆಳೆಯುವುದಿಲ್ಲ; ಬಂಡೆಯಿಂದ ಬಂಡೆಗೆ ಏರುತ್ತಾನೆ. ಅವನಿಗೆ ಸಂತೋಷವಾದಾಗಲೂ ದುರ್ಗದ ಬೆಟ್ಟ, ದುಃಖವಾದಾಗಲೂ ದುರ್ಗದ ಬೆಟ್ಟ. ಅವನ ಪ್ರೇಮದ ಹಾಡನ್ನು ಛಾಯಾಗ್ರಾಹಕ ಚಿಟ್ಟಿಬಾಬು ಅವರು ಮಂದಗತಿಯಲ್ಲಿ ಸೆರೆಹಿಡಿದಾಗ, ಕಥೆಯಲ್ಲಿ ಎಲ್ಲಿಯೂ ನಿಲ್ಲದ ಕಾಲವು ಆ ಕೆಲವು ನಿಮಿಷ ಮಾತ್ರ ನಿಂತು ಹುಡುಗನಿಗೆ ಉಸಿರಾಡಲು ಬಿಟ್ಟಂತೆ ತೋರುವುದು.

ತ.ರಾ.ಸು. ಅವರಿಗೆ ಚಿತ್ರ ಒಪ್ಪಿಗೆಯಾಗಲಿಲ್ಲ. ತಮ್ಮ ನಾಗರಹಾವನ್ನು ಪುಟ್ಟಣ್ಣನವರು ಕೇರೆಹಾವನ್ನಾಗಿ ಮಾಡಿದರೆಂದು ಅವರು ನೊಂದು ನುಡಿದರೆಂಬುದು ಕನ್ನಡನಾಡಿನಲ್ಲಿ ಪ್ರಸಿದ್ಧವಾದ ಸಂಗತಿ. ಈ ಮಾತನ್ನು ಸಿನಿಮಾ ಪ್ರಿಯರು ಲೇಖಕರ ಮುನಿಸೆಂದು ತಳ್ಳಿಹಾಕುವುದುಂಟು. ಸಾಹಿತ್ಯಪ್ರಿಯರು ಅದನ್ನೇ ತೀರ್ಪೆಂದು ಎತ್ತಿ ಹಿಡಿಯುವುದೂ ಉಂಟು. ಎರಡೂ ಆತುರದ ಕೆಲಸ. ಹಿರಿಯ ಲೇಖಕರೊಬ್ಬರು ತಮ್ಮ ಪಾತ್ರದಲ್ಲಿ ವಿಷವಿತ್ತು, ತೆರೆಯ ಮೇಲೆ ಅದು ಇಲ್ಲವಾಯಿತು ಎಂದು ದೂರಿದಾಗ, ಆ ವಿಷ ಎಲ್ಲಿಗೆ ಹೋಯಿತೆಂದು ಹುಡುಕುವುದು ವಿಮರ್ಶೆಯ ಕರ್ತವ್ಯ.

ಚಿತ್ರದ ಮೊದಲ ಭಾಗದಲ್ಲಿ ವಿಷಕ್ಕೆ ಕೊರತೆಯಿಲ್ಲ. ಪರೀಕ್ಷೆಯಲ್ಲಿ ನಕಲು ಮಾಡಿದನೆಂದು ತನ್ನನ್ನು ಶಿಕ್ಷಿಸಿದ ಪ್ರಾಂಶುಪಾಲರ ಮನೆಗೆ ಕಲ್ಲೆಸೆದು, ಅಷ್ಟಕ್ಕೂ ತಣಿಯದೆ ರಾತ್ರಿಯ ವೇಳೆ ಅವರನ್ನು ಕಂಬಕ್ಕೆ ಕಟ್ಟಿಹಾಕುವ ಹುಡುಗನನ್ನು ಸಾಧುವೆಂದು ಯಾರೂ ಹೇಳಲಾರರು. ಹಾವಿನ ದ್ವೇಷವನ್ನು ಕುರಿತ ಹಾಡೂ ಅವನ ಬಾಯಲ್ಲಿಯೇ ಬರುವುದು. ಆದರೆ ಪ್ರೇಕ್ಷಕನಿಗೆ ಅವನ ಮೇಲೆ ಸಿಟ್ಟು ಬರುವುದಿಲ್ಲವೆಂಬುದು ನಿಜ. ಹೊಸ ನಟನ ಉರಿಯುವ ಕಣ್ಣುಗಳೂ ಸೆಟೆದ ನಡಿಗೆಯೂ ವಿಜಯಭಾಸ್ಕರರ ಸಂಗೀತವೂ ಸೇರಿ, ಅವನು ಏನು ಮಾಡಿದರೂ ನಾವು ಅವನ ಪಕ್ಷದಲ್ಲಿಯೇ ಉಳಿಯುವಂತೆ ಮೊದಲೇ ಏರ್ಪಾಡು ಮಾಡಿಬಿಟ್ಟಿವೆ. ಓದುವಾಗ ಅಂಥ ಏರ್ಪಾಡು ಇಲ್ಲ. ಪುಟದ ಮೇಲಣ ರಾಮಾಚಾರಿಗೆ ಓದುಗನೇ ಮುಖವನ್ನು ಕೊಡಬೇಕು. ಆ ಮುಖ ಸುಂದರವಾಗಿಯೇ ಇರಬೇಕೆಂಬ ನಿರ್ಬಂಧವಿಲ್ಲ. ಓದುಗನು ಅವನನ್ನು ಪ್ರೀತಿಸಬಹುದು, ಅವನಿಗೆ ಹೆದರಲೂಬಹುದು. ಈ ಹೆದರಿಕೆ ಚಿತ್ರದಲ್ಲಿ ಮಾಯವಾಯಿತು. ಲೇಖಕರ ದೂರಿನ ಈ ಅರ್ಧವನ್ನು ನಾವು ಸಂಪೂರ್ಣವಾಗಿ ಒಪ್ಪುತ್ತೇವೆ. ಅದಕ್ಕಿಂತ ಹೆಚ್ಚಿನ ನಷ್ಟವೊಂದು ಉಂಟು: 1972ರಿಂದ ಈಚೆಗೆ ಈ ಕಾದಂಬರಿಗಳನ್ನು ಕೈಗೆತ್ತಿಕೊಂಡ ಯಾವ ಕನ್ನಡಿಗನೂ ವಿಷ್ಣುವರ್ಧನರ ಮುಖವನ್ನು ಬದಿಗಿರಿಸಿ ಅವುಗಳನ್ನು ಓದಲಾರನು.

ದೂರಿನ ಇನ್ನೊಂದು ಅರ್ಧವನ್ನು ಒಪ್ಪಲು ನಮಗೆ ಸಾಧ್ಯವಾಗುವುದಿಲ್ಲ. ಏಕೆಂದರೆ ಪುಟ್ಟಣ್ಣನವರು ವಿಷವನ್ನು ಚೆಲ್ಲಲಿಲ್ಲ; ಹುಡುಗನಿಂದ ತೆಗೆದು, ಯಾರೂ ಸಂಶಯಪಡದ ಒಂದು ಪಾತ್ರೆಗೆ ಅದನ್ನು ಎರೆದರು. ಆ ಪಾತ್ರೆ ಚಾಮಯ್ಯ ಮೇಷ್ಟ್ರ ಪ್ರೀತಿ. ಇಡೀ ದುರ್ಗದಲ್ಲಿ ರಾಮಾಚಾರಿ ತಲೆಬಾಗುವುದು ಪ್ರಾಥಮಿಕ ಶಾಲೆಯಲ್ಲಿ ತನಗೆ ಅಕ್ಷರ ಕಲಿಸಿದ ಈ ಒಬ್ಬ ಗುರುವಿಗೆ. ತಂದೆತಾಯಿಗಳಿಗೆ ಬಗ್ಗದವನು ಮೇಷ್ಟ್ರ ಒಂದು ಮಾತಿಗೆ ಬಗ್ಗುವನು. ಅವನು ಅಲಮೇಲುವನ್ನು ಮೆಚ್ಚಿದಾಗ ಮತಾಚಾರಗಳ ಅಡ್ಡಗೋಡೆಯನ್ನು ತೋರಿಸಿ, ತ್ಯಾಗದ ಹಿರಿಮೆಯನ್ನು ಬೋಧಿಸಿ, ಅವನ ಕೈಯಿಂದಲೇ ಅವನ ಪ್ರೇಮವನ್ನು ಬಿಡಿಸುವವರು ಅವರೇ. ಅವರ ಮಾತಿನಲ್ಲಿ ಕಪಟವಿಲ್ಲ, ಸ್ವಾರ್ಥವಿಲ್ಲ, ಶಿಷ್ಯನ ಶ್ರೇಯಸ್ಸಿನ ಹೊರತು ಬೇರೊಂದು ಚಿಂತೆಯಿಲ್ಲ. ಅಶ್ವತ್ಥರು ಆ ದೃಶ್ಯದಲ್ಲಿ ನುಡಿಯುವ ರೀತಿಯನ್ನು ಕಂಡವರು ಮೇಷ್ಟ್ರು ಹೇಳುವುದು ಸರಿಯೆಂದೇ ತಿಳಿಯುವರು. ಹಾಗೆ ತಿಳಿಯಬೇಕೆಂಬುದೇ ನಿರ್ದೇಶಕರ ಉದ್ದೇಶ. ಮದುವೆಯಾಗಿ ಹೋದ ಅಲಮೇಲು ಗಂಡನಿಂದಲೇ ವಂಚಿತಳಾಗಿ ದೇಹವನ್ನು ಮಾರಿಕೊಂಡು ಬದುಕುವ ಸ್ಥಿತಿಗೆ ಇಳಿದು, ಯಾವುದೋ ನಗರದ ಹೋಟೆಲಿನಲ್ಲಿ ರಾಮಾಚಾರಿಯ ಎದುರಿಗೆ ನಿಂತಾಗ, ಮೇಷ್ಟ್ರ ಜೊತೆಗೆ ಪ್ರೇಕ್ಷಕನೂ ಅಪರಾಧಿಯಾಗುವನು. ಏಕೆಂದರೆ ಆ ತ್ಯಾಗಕ್ಕೆ ಅವನೂ ತಲೆದೂಗಿದ್ದನು.

ಒಬ್ಬ ತರುಣನು ಗಂಡಸಾಗುವ ಕ್ಷಣ ಯಾವುದು? ಲೋಕದ ಬೇರೆ ಬೇರೆ ಸಾಹಿತ್ಯಗಳು ಇದಕ್ಕೆ ಬೇರೆ ಬೇರೆ ಉತ್ತರವನ್ನು ಕೊಟ್ಟಿವೆ. ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯ ಪಿಪ್ ತನ್ನನ್ನು ಪೊರೆದ ಕೈ ಯಾರದೆಂದು ಅರಿತು ನಾಚುವಾಗ ಬೆಳೆಯುತ್ತಾನೆ. ಪುಟ್ಟಣ್ಣನವರ ರಾಮಾಚಾರಿ ತನ್ನ ಗುರುವು ತಪ್ಪಬಲ್ಲನೆಂದು ಕಂಡ ಕ್ಷಣದಲ್ಲಿ ಬೆಳೆಯುತ್ತಾನೆ. ಮತ್ತು ಹಾಗೆ ಬೆಳೆದ ಮೇಲೆ ಅವನಿಗೆ ಬದುಕಲು ಭೂಮಿಯೇ ಇಲ್ಲದಾಗುತ್ತದೆ. ಮಾರ್ಗರೆಟ್ಟಳನ್ನು ವರಿಸಹೊರಟ ಅವನನ್ನು ಮೇಷ್ಟ್ರು ಎರಡನೆಯ ಸಲ ತಡೆದಾಗ, ಶಿಷ್ಯನು ಒಪ್ಪುವುದಿಲ್ಲ. ಮಾತಿಗೆ ಮಾತು ಬೆಳೆದು, ಬೆಟ್ಟದ ತುದಿಯಲ್ಲಿ, ಅವನು ಬಯಸದಿದ್ದರೂ ಅವನ ಕೈಯಿಂದಲೇ ಗುರುವಿನ ಪತನವಾಗುತ್ತದೆ. ಅವನೂ ಅವಳೂ ಅದೇ ಪ್ರಪಾತವನ್ನು ಆಶ್ರಯಿಸುತ್ತಾರೆ. ಗುರುವಿನ ಪಾದವನ್ನು ಬಿಡದೆ ಗುರುವಿನ ಮಾತನ್ನು ಮೀರುವುದು ಹೇಗೆಂಬ ಪ್ರಶ್ನೆಗೆ ನಮ್ಮ ಸಮಾಜ ಆ ಹುಡುಗನಿಗೆ ಯಾವ ದಾರಿಯನ್ನೂ ಕಲಿಸಿಕೊಟ್ಟಿರಲಿಲ್ಲ. ಇದು ಕೇರೆಹಾವಿನ ಕಥೆಯಲ್ಲ. ಹೆಡೆಯೆತ್ತಿದ ಹಾವಿನಿಂದ ತಪ್ಪಿಸಿಕೊಳ್ಳಲು ಉಪಾಯವುಂಟು. ನಮ್ಮ ಹಿತವನ್ನೇ ಬಯಸುವವರ ಮಾತಿನಿಂದ ತಪ್ಪಿಸಿಕೊಳ್ಳುವ ಉಪಾಯವೇನು? ಚಿತ್ರದಲ್ಲಿ ಈ ಪ್ರಶ್ನೆಯಷ್ಟು ಭಯಂಕರವಾದದ್ದು ಮತ್ತೊಂದಿಲ್ಲ. ಗುರುಶಿಷ್ಯರ ಮಮತೆಗೆ ಆದರ್ಶವೆಂದು ಈ ಚಿತ್ರವನ್ನು ಶಿಕ್ಷಕರ ದಿನಾಚರಣೆಗಳಲ್ಲಿ ಹೊಗಳುವವರು ಕೊನೆಯ ಅರ್ಧ ಗಂಟೆಯನ್ನು ಮರೆತಿರುತ್ತಾರೆಂದು ಹೇಳದೆ ವಿಧಿಯಿಲ್ಲ.

ಊರಿಗೆ ಚಿತ್ರದಿಂದ ಆದ ಲಾಭವನ್ನು ಹೇಳದಿದ್ದರೆ ಅನ್ಯಾಯವಾದೀತು. ಓಬವ್ವನ ಕಥೆ ಕೋಟೆಯ ಸುತ್ತಮುತ್ತ ಬಾಯಿಂದ ಬಾಯಿಗೆ ಬಂದದ್ದೇ ಹೌದು. ಆದರೆ ಬೀದರಿನಿಂದ ಕೊಳ್ಳೇಗಾಲದವರೆಗೆ ಮಕ್ಕಳ ಬಾಯಿಯಲ್ಲಿ ಅವಳ ಹೆಸರು ನಿಲ್ಲುವಂತೆ ಮಾಡಿದ್ದರಲ್ಲಿ, ಚಿ. ಉದಯಶಂಕರರು ಬರೆದು ಪಿ.ಬಿ. ಶ್ರೀನಿವಾಸರು ಹಾಡಿ ಜಯಂತಿಯವರು ಒನಕೆ ಹಿಡಿದು ನಿಂತ ಆ ಕೆಲವು ನಿಮಿಷಗಳ ಪಾಲು ಬಹಳ ದೊಡ್ಡದು. ಕಥೆಯ ದೃಷ್ಟಿಯಿಂದ ನೋಡಿದರೆ ಆ ಹಾಡನ್ನು ತೆಗೆದರೂ ರಾಮಾಚಾರಿಯ ಬದುಕಿಗೆ ಏನೂ ಕೊರತೆಯಾಗದು. ಆದರೂ ಇತಿಹಾಸದ ಕಾದಂಬರಿಗಳಲ್ಲಿ ತ.ರಾ.ಸು. ಅವರು ದುರ್ಗಕ್ಕೆ ಮಾಡಿದ ಸೇವೆಯನ್ನೇ ಪುಟ್ಟಣ್ಣನವರು ತಮ್ಮ ಮಾಧ್ಯಮದಲ್ಲಿ ಒಂದು ಹಾಡಿನಿಂದ ಮಾಡಿದರು. ಈಚೆಗೆ, 2021ರಿಂದ, ನವೆಂಬರ್ 11ರಂದು ರಾಜ್ಯ ಸರ್ಕಾರವೇ ಓಬವ್ವನ ಜಯಂತಿಯನ್ನು ಆಚರಿಸುತ್ತಿದೆ.

ಈ ಸ್ಥಳಮಹಿಮೆ ಎಷ್ಟೆಂಬುದು ಚಿತ್ರವನ್ನು ಬೇರೆ ಭಾಷೆಗೆ ಒಯ್ದಾಗ ತಿಳಿಯಿತು. ಪುಟ್ಟಣ್ಣನವರೇ 1974ರಲ್ಲಿ ರಿಷಿ ಕಪೂರರನ್ನು ಇಟ್ಟುಕೊಂಡು ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ ಎಂಬ ಚಿತ್ರವನ್ನು ಮಾಡಿದರು. ಕಥೆಯೂ ಅದೇ, ನಿರ್ದೇಶಕರೂ ಅವರೇ. ಹಾಗಿದ್ದೂ ಕನ್ನಡದಲ್ಲಿ ಆದ ಪವಾಡ ಅಲ್ಲಿ ಮರುಕಳಿಸಲಿಲ್ಲ. ತ.ರಾ.ಸು. ಅವರ ಕೃತಿಗಳನ್ನು ಚಲನಚಿತ್ರಗಳು ಬೇರೆ ಬೇರೆ ಬಗೆಯಲ್ಲಿ ನಡೆಸಿಕೊಂಡಿವೆ. ‘ಹಂಸಗೀತೆ’ ಹಿಂದಿಯಲ್ಲಿ 1956ರಲ್ಲಿ ‘ಬಸಂತ್ ಬಹಾರ್’ ಆಗಿ ದುರ್ಗವನ್ನೇ ಕಳೆದುಕೊಂಡಿತು, 1975ರಲ್ಲಿ ಜಿ.ವಿ. ಅಯ್ಯರರು ಅದನ್ನು ಕನ್ನಡಕ್ಕೆ ಮರಳಿ ತಂದು, ಬಾಲಮುರಳಿಕೃಷ್ಣರ ಕಂಠದೊಡನೆ ಮತ್ತೆ ನಮ್ಮದನ್ನಾಗಿ ಮಾಡಿದರು. ಇನ್ನು ಪುಟ್ಟಣ್ಣನವರಾದರೋ, ಮುನಿದ ಕಾದಂಬರಿಕಾರರ ಬಳಿಗೇ ತಮ್ಮ ಕೊನೆಯ ಚಿತ್ರಕ್ಕಾಗಿ ಹಿಂತಿರುಗಿದರು. ‘ಮಸಣದ ಹೂವು’ ತ.ರಾ.ಸು. ಅವರ ಕಾದಂಬರಿ, ಅದು ಮುಗಿಯುವ ಮುನ್ನವೇ 1985ರ ಜೂನ್‌ನಲ್ಲಿ ಪುಟ್ಟಣ್ಣನವರು ತೀರಿಕೊಂಡರು, ಉಳಿದದ್ದನ್ನು ಕೆ.ಎಸ್.ಎಲ್. ಸ್ವಾಮಿಯವರು ಪೂರ್ಣಗೊಳಿಸಿದರು. ಕಾದಂಬರಿಕಾರರು ಅದಕ್ಕೆ ಒಂದು ವರ್ಷ ಮೊದಲೇ ಹೋಗಿದ್ದರು. ಅವರು ಅದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ ಎಂಬ ಕುತೂಹಲ ನಮ್ಮಲ್ಲಿ ಹಾಗೆಯೇ ಉಳಿದಿದೆ.

ಕಾದಂಬರಿ ಮೇಲೋ ಚಿತ್ರ ಮೇಲೋ ಎಂದು ಓದುಗರು ನಮ್ಮನ್ನು ನೇರವಾಗಿ ಕೇಳಿದರೆ, ಹುಡುಗನನ್ನು ಅರಿಯಲು ಕಾದಂಬರಿಗಳೇ ಬೇಕು, ಮೇಷ್ಟ್ರನ್ನು ಅರಿಯಲು ಚಿತ್ರವೇ ಬೇಕು ಎಂದು ಉತ್ತರಿಸುತ್ತೇವೆ. ವಿಷಾದದ ಸಂಗತಿಯೆಂದರೆ, ಚಿತ್ರವನ್ನು ಹತ್ತು ಬಾರಿ ನೋಡಿದ ಮನೆಗಳಲ್ಲಿ ಮೂರು ಕಾದಂಬರಿಗಳಲ್ಲಿ ಒಂದೂ ಇರುವುದಿಲ್ಲ. 2018ರಲ್ಲಿ ಚಿತ್ರವನ್ನು ಹೊಸ ತಂತ್ರದಿಂದ ಶುದ್ಧಗೊಳಿಸಿ ಮತ್ತೆ ಬಿಡುಗಡೆ ಮಾಡಿದಾಗ ಟಾಕೀಸುಗಳಿಗೆ ಹೋದ ತರುಣರು ಅನೇಕರು. ಗ್ರಂಥಾಲಯಕ್ಕೆ ಹೋಗಿ ‘ಸರ್ಪಮತ್ಸರ’ವನ್ನು ಕೇಳಿದವರು ವಿರಳ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಾಲೇಜುಗಳ ಕನ್ನಡ ಅಧ್ಯಾಪಕರಲ್ಲಿ ನಮ್ಮ ವಿನಂತಿ ಇಷ್ಟೆ: ಈ ವರ್ಷ ನಿಮ್ಮ ವಿದ್ಯಾರ್ಥಿಗಳು ಮೂರು ಕಾದಂಬರಿಗಳನ್ನೂ ಕ್ರಮವಾಗಿ ಓದಲಿ, ಆಮೇಲೆ ಚಿತ್ರವನ್ನು ನೋಡಲಿ, ತಮಗೆ ತೋರಿದ್ದನ್ನು ಸಂಕೋಚವಿಲ್ಲದೆ ಬರೆಯಲಿ. ತ.ರಾ.ಸು. ಅವರ ಪಕ್ಷವನ್ನು ಹಿಡಿದರೂ ಸರಿಯೆ, ಪುಟ್ಟಣ್ಣನವರ ಪಕ್ಷವನ್ನು ಹಿಡಿದರೂ ಸರಿಯೆ, ಉತ್ತಮವಾದ ಬರಹಗಳನ್ನು ನಾವು ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.