ನಂಬಿದವರೇ, ನೀವೇ ಕೇಳಬೇಕು



ಈ ಕರಪತ್ರ ದೇವರನ್ನು ನಂಬದವರಿಗಾಗಿ ಬರೆದದ್ದಲ್ಲ. ಸೋಮವಾರ ಮಠಕ್ಕೆ, ಶುಕ್ರವಾರ ಮಸೀದಿಗೆ, ಭಾನುವಾರ ಚರ್ಚಿಗೆ ಹೋಗುವವರಿಗೆ, ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡ ಹತ್ತುವವರಿಗೆ ಬರೆದದ್ದು. ಇದನ್ನು ಹಂಚುತ್ತಿರುವ ನಮ್ಮಲ್ಲೂ ಬಹಳ ಮಂದಿ ಅಂಥವರೇ.

ನಾವು ಹೇಳುವುದು ಇಷ್ಟೇ. ಧರ್ಮದ ಹೆಸರಿನಲ್ಲಿ ನಡೆಯುವುದನ್ನು ಪ್ರಶ್ನಿಸುವ ಮೊದಲ ಹಕ್ಕು ಆ ಧರ್ಮವನ್ನು ನಂಬಿದವರದ್ದು. ಹರಕೆ ಹೊರುವವರು ನೀವು. ಜಾತ್ರೆಗೆ ಪಟ್ಟಿ ಕೊಡುವವರು ನೀವು. ತೇರಿನ ಹಗ್ಗಕ್ಕೆ ಕೈ ಹಾಕುವವರು ನೀವು. ಮಗಳ ಮದುವೆ ಎಲ್ಲಿ, ಸತ್ತ ತಂದೆಯ ಮಣ್ಣು ಎಲ್ಲಿ ಎಂಬುದನ್ನೂ ಗುರುಗಳ ಮಾತಿಗೆ ಬಿಟ್ಟವರು ನೀವು. ನಂಬಿಕೆ ಇಲ್ಲದವನು ಎದ್ದು ಹೊರಗೆ ನಡೆಯಬಹುದು. ನಂಬಿದವರಿಗೆ ಅದೇ ಮನೆ. ಮನೆಯೊಳಗೇ ಬಾಯಿ ತೆರೆಯಬಾರದು ಎಂದರೆ ಇನ್ನೆಲ್ಲಿ ತೆರೆಯುವುದು?

2015ರ ಆಗಸ್ಟ್ 30ರ ಬೆಳಿಗ್ಗೆ ನಮ್ಮ ಧಾರವಾಡದ ಕಲ್ಯಾಣನಗರದಲ್ಲಿ, ಅವರ ಮನೆಯ ಬಾಗಿಲಲ್ಲೇ, ಡಾ. ಎಂ. ಎಂ. ಕಲಬುರ್ಗಿಯವರನ್ನು ಗುಂಡಿಕ್ಕಿ ಕೊಂದರು. ಶಾಸನಗಳನ್ನು, ಹಸ್ತಪ್ರತಿಗಳನ್ನು, ಬಸವಣ್ಣನನ್ನು ಇಡೀ ಬದುಕು ಓದಿದ ಮನುಷ್ಯ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಕೊಂದವರು ಯಾರು, ಯಾಕೆ ಎಂಬುದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ಅದಕ್ಕೂ ಕಾಲು ಶತಮಾನ ಮೊದಲು, 1989ರಲ್ಲಿ, ‘ಮಾರ್ಗ’ ಎಂಬ ತಮ್ಮ ಸಂಶೋಧನಾ ಲೇಖನಗಳ ಮೊದಲ ಸಂಪುಟದಲ್ಲಿ ಬರೆದದ್ದಕ್ಕಾಗಿ ಅದೇ ಕಲಬುರ್ಗಿಯವರು ತಮ್ಮ ಸಮಾಜದವರ ಒತ್ತಡಕ್ಕೆ ಮಣಿದು ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಹೆಂಡತಿ ಮಕ್ಕಳ ಜೀವದ ಸಲುವಾಗಿ ಒಪ್ಪಿದೆ, ಆದರೆ ವಿದ್ವಾಂಸನಾಗಿ ನಾನು ಸತ್ತಂತೆಯೇ ಎಂಬ ಅರ್ಥದ ಮಾತನ್ನು ಅವರು ನೋವಿನಿಂದ ಹೇಳಿಕೊಂಡಿದ್ದರು. ಆ ಒತ್ತಡದ ಬಗೆಗಿನ ತೀರ್ಮಾನ ಯಾವ ನ್ಯಾಯಾಲಯಕ್ಕೂ ಸೇರಿದ್ದಲ್ಲ, ನಮಗೆ ಸೇರಿದ್ದು. ಅವರ ಮಾತು ತಪ್ಪಾಗಿದ್ದರೆ ಅದನ್ನು ಇನ್ನೊಂದು ಶಾಸನ, ಇನ್ನೊಂದು ಓಲೆಗರಿ ತೋರಿಸಿ ತಿದ್ದಬಹುದಿತ್ತು. ತಿದ್ದುವವರು ಮುಂದೆ ಬರಲಿಲ್ಲ. ಬಾಯಿ ಮುಚ್ಚಿಸುವವರು ಬಂದರು. ಊರು ಸುಮ್ಮನೆ ನೋಡಿತು.

ಬಸವಣ್ಣನ ಹೆಸರು ಹೇಳುವ ನಾಡಿನಲ್ಲಿ ಹೀಗಾಯಿತು ಎಂಬುದು ನಮ್ಮನ್ನು ಇನ್ನೂ ಸುಡುತ್ತದೆ. ಶರಣರ ಸಂವಾದಗಳನ್ನು ಹೇಳುವ ಶೂನ್ಯಸಂಪಾದನೆಯನ್ನು ಓದಿ ನೋಡಿ. ಅಲ್ಲಿ ಕಾಣುವ ಅನುಭವ ಮಂಟಪದಲ್ಲಿ ಪ್ರಶ್ನೆಯನ್ನು ಎದುರಿಸದೆ ಯಾರಿಗೂ ಒಳಗೆ ಜಾಗವಿಲ್ಲ. ಅಲ್ಲಮ ಸಿದ್ಧರಾಮನನ್ನು ಕೆಣಕುತ್ತಾನೆ, ಮುಕ್ತಾಯಕ್ಕನೊಡನೆ ವಾದಕ್ಕೆ ನಿಲ್ಲುತ್ತಾನೆ. ಅಕ್ಕಮಹಾದೇವಿಗೆ ಕೇಳಬಾರದ್ದನ್ನು ಕೇಳುತ್ತಾನೆ, ಅವಳು ಒಂದೊಂದಕ್ಕೂ ಉತ್ತರ ಕೊಟ್ಟು ನಿಲ್ಲುತ್ತಾಳೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ತಡೆದವಳು ಹೆಂಡತಿ ಲಕ್ಕಮ್ಮ. ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಕಳಿಸಿದಳು. ಅವಳ ಮೇಲೆ ಶರಣರ ಭಾವನೆಗೆ ಧಕ್ಕೆ ತಂದಳೆಂದು ಯಾರೂ ದೂರು ಕೊಡಲಿಲ್ಲ. ಎಂಟುನೂರು ವರ್ಷ ಅವಳನ್ನು ಶರಣೆ ಎಂದು ಪೂಜಿಸಿದರು.

ಪ್ರಶ್ನೆ ಕೇಳಿದರೆ ಧರ್ಮ ಕೆಟ್ಟುಹೋಗುತ್ತದೆ ಎಂದು ಹೆದರುವವರು ಚಂದ್ರಗುತ್ತಿಯನ್ನು ನೆನೆಯಲಿ. ಸೊರಬ ತಾಲ್ಲೂಕಿನ ಆ ಊರಲ್ಲಿ ರೇಣುಕಾಂಬೆಗೆ ಬೆತ್ತಲೆ ಸೇವೆ ನಡೆಯುತ್ತಿತ್ತು. ವರದಾ ನದಿಯಲ್ಲಿ ಮಿಂದ ಹೆಂಗಸರು, ಗಂಡಸರು ಮೈಮೇಲೆ ನೂಲೆಳೆಯೂ ಇಲ್ಲದೆ ಗುಡಿಯವರೆಗೆ ಓಡುತ್ತಿದ್ದರು. ಹೆಚ್ಚಿನವರು ದಲಿತರು, ಹಿಂದುಳಿದವರು. ಅವರಲ್ಲಿ ನಮ್ಮ ಕಡೆಯಿಂದ ಹೋದವರೂ ಇದ್ದರು. ದಾರಿಯುದ್ದಕ್ಕೂ ನೋಡುವವರ ಸಂತೆ. 1986ರ ಮಾರ್ಚಿನಲ್ಲಿ ಇದನ್ನು ತಡೆಯಲು ಹೋದ ಹೋರಾಟಗಾರರನ್ನೂ ಪೊಲೀಸರನ್ನೂ ಜನ ಹೊಡೆದರು. ಮಹಿಳಾ ಪೊಲೀಸರನ್ನೂ ಬಿಡದೆ ಬಟ್ಟೆ ಬಿಚ್ಚಿಸಿದರು. ದೇಶವೇ ತಲೆತಗ್ಗಿಸಿತು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ರೇಣುಕಾಂಬೆಯ ಜಾತ್ರೆ ನಿಂತಿತೆ? ಇಲ್ಲ. ಸೀರೆ ಉಟ್ಟು ಹೋದ ಹೆಣ್ಣುಮಗಳ ಹರಕೆಯನ್ನೂ ತಾಯಿ ಒಪ್ಪಿಕೊಂಡಳು. ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿ ಬಿಡುವುದು ಅಪರಾಧ ಎಂದು 1982ರ ಕಾಯ್ದೆ ಹೇಳಿತು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿ, ಬಸ್ಸು ಕಡಿಮೆಯಾಗಲಿಲ್ಲ. ಊಟ ಮಾಡಿ ಬಿಟ್ಟ ಎಲೆಗಳ ಮೇಲೆ ಉರುಳುವ ಮಡೆಸ್ನಾನದ ವಿರುದ್ಧ ವರ್ಷಗಟ್ಟಲೆ ಕೂಗು ಎದ್ದು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕೊನೆಗೆ 2017ರಲ್ಲಿ ವಿಧಾನಮಂಡಲ ಒಪ್ಪಿದ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯಲ್ಲಿ ಅದರ ಹೆಸರೂ ಸೇರಿತು. ಚಂಪಾಷಷ್ಠಿಯ ದಿನ, ಮಡೆಸ್ನಾನ ನಡೆಯುತ್ತಿದ್ದ ಕುಕ್ಕೆ ಸುಬ್ರಹ್ಮಣ್ಯನ ಗುಡಿ ಈಗಲೂ ತುಂಬುತ್ತದೆ. ಇಷ್ಟಾಗಿಯೂ ಒಬ್ಬ ದೇವರೂ ಗುಡಿ ಬಿಟ್ಟು ಹೋಗಲಿಲ್ಲ. ಹೋದದ್ದು ಭಕ್ತರ ಅವಮಾನ ಮಾತ್ರ.

ಪ್ರಶ್ನೆಗೆ ಕಿವಿಗೊಟ್ಟ ಪೀಠಗಳೂ ಇದ್ದವು. ಅಂಥದೊಂದು ಕಥೆ ನಮ್ಮ ನಾಡಿನದೇ, ಆದರೂ ಹೇಳುವವರು ಕಡಿಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅನಂತಶಾಸ್ತ್ರಿ ಡೋಂಗ್ರೆ ಎಂಬ ಪಂಡಿತರು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡು ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಹೆಂಗಸಿಗೆ ಸಂಸ್ಕೃತವೇ ಎಂದು ಗುಲ್ಲೆದ್ದಿತು. ಉಡುಪಿಗೆ ಕರೆ ಬಂತು. ಗುರುಗಳ ಮತ್ತು ಪಂಡಿತರ ಸಭೆಯ ಮುಂದೆ ಶಾಸ್ತ್ರಿಗಳು ಗ್ರಂಥಗಳನ್ನೇ ಆಧಾರವಾಗಿಟ್ಟು ವಾದಿಸಿದರು. ಸಭೆ ಕೇಳಿಸಿಕೊಂಡಿತು. ತಪ್ಪಿಲ್ಲ ಎಂದು ಒಪ್ಪಿತು. ಜಾತಿಯಿಂದ ಹೊರಗೆ ಹಾಕಲಿಲ್ಲ. ಈ ಸಂಗತಿಯನ್ನು ಬರೆದಿಟ್ಟವರು ಅವರ ಮಗಳು, 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. ಅಂದು ಆ ಸಭೆ ಮಾತಾಡಲು ಬಿಡದಿದ್ದರೆ ತಾಯಿಯ ಬಾಯಿಂದ ಮಗಳಿಗೆ ಸಂಸ್ಕೃತ ಬರುತ್ತಿರಲಿಲ್ಲ, ಕಲಕತ್ತೆಯ ವಿದ್ವಾಂಸರು ಆಕೆಯನ್ನು ಪಂಡಿತಾ ಎಂದು ಕರೆಯುತ್ತಲೂ ಇರಲಿಲ್ಲ.

ಅದೇ ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಆದ ಮೇಲೆ ಸುಮ್ಮನಾದರೆ? ತ್ರಿಯೇಕ ದೇವರ ತತ್ವವನ್ನು ಹೇಗೆ ಒಪ್ಪುವುದು, ಬಿಷಪ್ಪರು ಹೇಳಿದರೆಂಬ ಕಾರಣಕ್ಕೇ ಯಾಕೆ ತಲೆಬಾಗಬೇಕು ಎಂದು ತಮಗೆ ದೀಕ್ಷೆಯ ದಾರಿ ತೋರಿದ ಸನ್ಯಾಸಿನಿಗೇ ಪತ್ರದ ಮೇಲೆ ಪತ್ರ ಬರೆದರು. ಕ್ರಿಸ್ತನನ್ನು ಬಿಡಲಿಲ್ಲ, ಪ್ರಶ್ನೆಯನ್ನೂ ಬಿಡಲಿಲ್ಲ.

ಚರ್ಚಿನ ಮಾತು ಬಂತೆಂದು ಗೆಲಿಲಿಯೋನನ್ನೂ ನೆನೆಯೋಣ. 1633ರಲ್ಲಿ ಅವನನ್ನು ಶಿಕ್ಷಿಸಿದ್ದು ತಪ್ಪಾಗಿತ್ತೆಂದು ಪೋಪ್ ಎರಡನೆಯ ಜಾನ್ ಪಾಲ್ ಒಪ್ಪಿದ್ದು 1992ರಲ್ಲಿ. ಹಾಗೆ ಒಪ್ಪಿದ್ದರಿಂದ ಚರ್ಚು ಕುಸಿಯಲಿಲ್ಲ.

ನಮ್ಮ ಹಾಸನದ ಬಾನು ಮುಷ್ತಾಕ್ ಮುಸ್ಲಿಂ ಹೆಣ್ಣುಮಕ್ಕಳು ಮಸೀದಿಗೆ ಹೋಗಬಹುದು ಎಂದರು. ಅದು ಪ್ರಾರ್ಥನೆ ಬೇಡ ಎನ್ನುವವರ ಮಾತೆ? ಪ್ರಾರ್ಥನೆ ಬೇಕು ಎನ್ನುವವರ ಮಾತು. ಅದಕ್ಕೆ 2000ದಲ್ಲಿ ಅವರ ಮನೆಗೆ ಸಿಕ್ಕಿದ್ದು ಬಹಿಷ್ಕಾರ. 2025ರಲ್ಲಿ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಇಡೀ ಕರ್ನಾಟಕ ಹಾರ ಹಿಡಿದು ನಿಂತಿತು. ಹಾರ ತರುವ ಮೊದಲು, ಅವರು ಒಂಟಿಯಾಗಿದ್ದಾಗ, ನಾವು ಎಲ್ಲಿದ್ದೆವು ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕು.

ಇನ್ನು ನಮಗೆ ದಿನವೂ ಎದುರಾಗುವ ಎರಡು ಮಾತು.

ನಮ್ಮ ಧರ್ಮವನ್ನೇ ಯಾಕೆ ಕೇಳುತ್ತೀರಿ, ಧೈರ್ಯವಿದ್ದರೆ ಅವರದನ್ನು ಕೇಳಿ ಎನ್ನುತ್ತಾರೆ. ಎಲ್ಲರದನ್ನೂ ಕೇಳಬೇಕು, ಸರಿ. ಆದರೆ ಪರರ ಮಸೀದಿಯ ಮುಂದೆ ನಿಂತು ಕೂಗುವುದು ಧೈರ್ಯವಲ್ಲ, ಅದು ಜಗಳ. ನಿಮ್ಮ ಗುಡಿಯ ಪಂಚ ಕಮಿಟಿಯಲ್ಲಿ, ನಿಮ್ಮ ಜಮಾತಿನಲ್ಲಿ, ನಿಮ್ಮ ಫಾದರ್ ಎದುರಿಗೆ, ನಿಮ್ಮನ್ನು ಹುಟ್ಟಿದಾಗಿನಿಂದ ಬಲ್ಲವರ ನಡುವೆ ಎದ್ದು ನಿಂತು ಕೇಳುವುದಕ್ಕೆ ಗುಂಡಿಗೆ ಬೇಕು. ಅಲ್ಲಿಂದ ಶುರು ಮಾಡಿ.

ಇನ್ನೊಂದು, ಭಾವನೆಗೆ ನೋವಾಗುತ್ತದೆ ಎಂಬುದು. ಆಗುತ್ತದೆ, ನಿಜ. ನಮಗೂ ಆಗುತ್ತದೆ. ಮೂರ್ತಿಗೆ ಮಸಿ ಬಳಿಯುವುದನ್ನು, ಕುರಾನ್ ಹರಿಯುವುದನ್ನು, ಇನ್ನೊಬ್ಬರ ತಾಯಿತಂದೆಯ ದೇವರನ್ನು ಹೊಲಸು ಮಾತಲ್ಲಿ ಬೈಯುವುದನ್ನು ನಾವು ಪ್ರಶ್ನೆ ಎಂದು ಕರೆಯುವುದಿಲ್ಲ, ಅದನ್ನು ಎಂದೂ ಬೆಂಬಲಿಸುವುದೂ ಇಲ್ಲ. ಕಾನೂನಿಗೂ ಈ ವ್ಯತ್ಯಾಸ ಗೊತ್ತು. 1927ರಲ್ಲಿ ಭಾರತೀಯ ದಂಡ ಸಂಹಿತೆಗೆ ಸೇರಿಸಿದ 295ಎ ಕಲಮು, ಈಗ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮು, ಬೇಕೆಂದೇ ದುರುದ್ದೇಶದಿಂದ ಮಾಡಿದ ಅಪಮಾನಕ್ಕೆ ಮಾತ್ರ ಅನ್ವಯಿಸುತ್ತದೆ. ಸುಪ್ರೀಂ ಕೋರ್ಟು ಇದನ್ನು 1957ರಲ್ಲೇ ಹೇಳಿದೆ. ಮಡೆಸ್ನಾನ ಯಾಕೆ, ಹುಂಡಿಯ ಲೆಕ್ಕ ಎಲ್ಲಿ, ನನ್ನ ಮಗಳನ್ನು ಒಳಗೆ ಯಾಕೆ ಬಿಡುವುದಿಲ್ಲ ಎಂಬವು ಅಪಮಾನಗಳಲ್ಲ. ಜಿಜ್ಞಾಸೆಯನ್ನು ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯ ಎಂದು ಸಂವಿಧಾನದ 51ಎ ವಿಧಿಯೇ ಹೇಳುತ್ತದೆ.

ಆದ್ದರಿಂದ ಬಂಧುಗಳೇ, ಈ ತಿಂಗಳೇ ಒಂದು ಕೆಲಸ ಮಾಡಿ.

ನೀವು ನಡೆದುಕೊಳ್ಳುವ ಗುಡಿ, ಮಠ, ಮಸೀದಿ, ಚರ್ಚಿಗೆ ಹೋಗಿ. ಎಂದಿನಂತೆ ಕೈ ಮುಗಿಯಿರಿ, ನಮಾಜು ಮಾಡಿ, ಪ್ರಾರ್ಥಿಸಿ. ಆಮೇಲೆ ಧರ್ಮದರ್ಶಿಗಳನ್ನೋ, ಸ್ವಾಮಿಗಳನ್ನೋ, ಮುತವಲ್ಲಿಯನ್ನೋ, ಪಾಸ್ಟರನ್ನೋ ಕಂಡು ಮರ್ಯಾದೆಯಿಂದ ಒಂದು ಪ್ರಶ್ನೆ ಕೇಳಿ. ವರ್ಷಗಳಿಂದ ನಿಮ್ಮ ಮನಸ್ಸಿನಲ್ಲಿ ಇರುವುದೇ ಸಾಕು. ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ಸೇರಿ ಹೋಗಿ. ಹೆಣ್ಣುಮಕ್ಕಳನ್ನು ಮುಂದೆ ಬಿಡಿ, ಅವರಿಗೆ ಕೇಳುವುದಿರುವುದೇ ಹೆಚ್ಚು. ಕಾಣಿಕೆಯ ಲೆಕ್ಕವನ್ನು ವರ್ಷಕ್ಕೊಮ್ಮೆ ಗೋಡೆಗೆ ಅಂಟಿಸಿ ಎಂದು ಬರೆದುಕೊಟ್ಟು ಬನ್ನಿ. ಗುಡಿ ಮುಜರಾಯಿ ಇಲಾಖೆಯದಾಗಿದ್ದು ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಪ್ರವಚನ ಮುಗಿದ ಮೇಲೆ ಅರ್ಧ ಗಂಟೆ ಭಕ್ತರ ಪ್ರಶ್ನೆಗೆ ಇಡಿ ಎಂದು ಒತ್ತಾಯಿಸಿ.

ಧರ್ಮಪೀಠಗಳಲ್ಲಿ ಕುಳಿತ ಹಿರಿಯರಲ್ಲಿ ನಮ್ಮ ವಿನಂತಿ: ಕೇಳಲು ಬಂದವರನ್ನು ದ್ರೋಹಿ ಎನ್ನಬೇಡಿ, ಅವರ ಮನೆಯವರಿಗೆ ಹೇಳಿ ಹೆದರಿಸಬೇಡಿ, ಅವರ ಹಿಂದೆ ಹುಡುಗರನ್ನು ಬಿಡಬೇಡಿ. ಉತ್ತರ ಗೊತ್ತಿದ್ದರೆ ಕೊಡಿ. ಗೊತ್ತಿಲ್ಲದಿದ್ದರೆ ಯೋಚಿಸಿ ಹೇಳುತ್ತೇನೆ ಎನ್ನಿ. ಉಡುಪಿಯ ಆ ಸಭೆ ಅಂದು ಕೇಳಿಸಿಕೊಂಡಂತೆ ಕೇಳಿಸಿಕೊಳ್ಳಿ, ಅಷ್ಟೇ.

ಯಾರಾದರೂ ಹೀಗೆ ಕೇಳಿದ್ದಕ್ಕೆ ಬಹಿಷ್ಕಾರಕ್ಕೆ ಒಳಗಾದರೆ, ಅವರು ಯಾವ ಜಾತಿ, ಯಾವ ಧರ್ಮದವರೇ ಇರಲಿ, ಅವರ ಅಂಗಡಿಯಿಂದಲೇ ಸಾಮಾನು ತನ್ನಿ, ಅವರ ಮನೆಯ ಮದುವೆಗೆ ಹೋಗಿ ಊಟ ಮಾಡಿ ಬನ್ನಿ. ಇಷ್ಟನ್ನು 1989ರಲ್ಲಿ ಕಲಬುರ್ಗಿಯವರಿಗಾಗಿ ನಮ್ಮ ಊರು ಮಾಡಲಿಲ್ಲ. ಈಗ ಮಾಡೋಣ.

ಓದಿದ ಮೇಲೆ ಈ ಹಾಳೆಯನ್ನು ಎಸೆಯಬೇಡಿ. ನಿಮ್ಮ ಗುಡಿಯಲ್ಲಿ, ಮಸೀದಿಯಲ್ಲಿ, ಚರ್ಚಿನಲ್ಲಿ ಪಕ್ಕದಲ್ಲಿ ಕುಳಿತವರ ಕೈಗೆ ಕೊಡಿ.

ಧಾರವಾಡದ ಕೆಲವು ಭಕ್ತರು ಮತ್ತು ನಾಗರಿಕರು