ಥರ್ಮಾಮೀಟರ್ ಹೇಳದ ಸೆಕೆ: ಹಾರೋಹಳ್ಳಿಯ ಒಂದು ಶೆಡ್ಡಿನ ಲೆಕ್ಕ

ಹಾರೋಹಳ್ಳಿಯಲ್ಲಿ ಹೀಟ್‌ವೇವ್ ಬರೋದಿಲ್ಲ. ಕನಿಷ್ಠ ಕಾಗದದ ಮೇಲೆ ಬರೋದಿಲ್ಲ. ಹವಾಮಾನ ಇಲಾಖೆಯ ಮಾನದಂಡದಂತೆ ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿದ ಮೇಲಷ್ಟೇ ಆ ಮಾತು. ಪಕ್ಕದ ಬೆಂಗಳೂರಿನ ದಾಖಲೆಯೇ 2016ರ ಏಪ್ರಿಲ್‌ನ 39.2 ಡಿಗ್ರಿ. ಹೀಗಾಗಿ ಕನಕಪುರ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ, ತಗಡಿನ ಸೂರಿನ ಕೆಳಗೆ ಬೆವರು ಕಿತ್ತು ಬರುತ್ತಿದ್ದರೂ ಅದು ಸರ್ಕಾರದ ಕಣ್ಣಲ್ಲಿ ಮಾಮೂಲಿ ಬೇಸಿಗೆ.

ನಮ್ಮ ಭಾಷೆಗೆ ಈ ವಿಷಯ ಇಲಾಖೆಗಿಂತ ಚೆನ್ನಾಗಿ ಗೊತ್ತು. ರಾಯಚೂರಿನದ್ದು ಧಗೆ, ಮಂಗಳೂರಿನದ್ದು ಸೆಕೆ. ಎರಡಕ್ಕೂ ಇಂಗ್ಲಿಷಿನವರು ‘ಹೀಟ್’ ಅಂದು ಸುಮ್ಮನಾಗಬಹುದು, ನಾವು ಸುಮ್ಮನಾಗಲ್ಲ. ಧಗೆಯನ್ನು ಥರ್ಮಾಮೀಟರ್ ಅಳೆಯುತ್ತೆ. ಸೆಕೆಯ ಮುಖ್ಯ ಭಾಗ ಗಾಳಿಯಲ್ಲಿರುವ ನೀರಾವಿ, ಅದರೊಳಗೆ ಅಡಗಿ ಕೂತ ಶಾಖ. ಹೈಸ್ಕೂಲಿನಲ್ಲಿ ನಾವು ಉರು ಹೊಡೆದು ಮರೆತ ‘ಗುಪ್ತೋಷ್ಣ’ ಅಂದರೆ ಇದೇ. 1760ರ ದಶಕದ ಆರಂಭದಲ್ಲಿ ಗ್ಲಾಸ್ಗೋದ ಜೋಸೆಫ್ ಬ್ಲ್ಯಾಕ್ ಗಮನಿಸಿದ್ದು ಇಷ್ಟು: ಐಸ್ ಕರಗುವಾಗ, ನೀರು ಕುದ್ದು ಆವಿಯಾಗುವಾಗ ಎಷ್ಟೇ ಶಾಖ ಕೊಟ್ಟರೂ ಉಷ್ಣಾಂಶ ಏರಲ್ಲ. ಶಾಖ ಎಲ್ಲಿ ಹೋಯ್ತು? ರೂಪ ಬದಲಿಸುವ ಕೆಲಸಕ್ಕೆ. ಒಂದು ಕಿಲೋ ಐಸ್ ಕರಗಲು 334 ಕಿಲೋಜೌಲ್ ಬೇಕು. 100 ಡಿಗ್ರಿಯ ಒಂದು ಕಿಲೋ ನೀರು ಆವಿಯಾಗಲು ಸುಮಾರು 2,260. ಚರ್ಮದ ಮೇಲಿನ ಬೆವರು ಆರಲು ಕಿಲೋಗೆ ಇನ್ನೂ ಸ್ವಲ್ಪ ಜಾಸ್ತಿ, ಸುಮಾರು 2,430.

(ಅಂದಹಾಗೆ, ‘ಒಂದೂವರೆ ಟನ್ ಎಸಿ’ ಅಂತೀವಲ್ಲ, ಆ ಟನ್ ಕೂಡ ಗುಪ್ತೋಷ್ಣವೇ. ಅಮೆರಿಕದ ಒಂದು ಟನ್, ಅಂದರೆ 907 ಕಿಲೋ ಐಸ್ ಒಂದು ದಿನದಲ್ಲಿ ಕರಗಿದರೆ ಹೀರುವ ಶಾಖ, ಲೆಕ್ಕ ಹಾಕಿದರೆ 3.5 ಕಿಲೋವಾಟ್.)

ಈಗ ಒಂದು ಶೆಡ್ ಕಲ್ಪಿಸಿಕೊಳ್ಳಿ. ಇನ್ನೂರು ಜನ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾರೆ. ಕಟ್ಟಡಗಳ ಎಸಿ ಲೆಕ್ಕ ಹಾಕುವ ಎಂಜಿನಿಯರುಗಳ ಕೋಷ್ಟಕದಲ್ಲಿ ಕೂತು ಮಾಡುವ ಕಾರ್ಖಾನೆ ಕೆಲಸಕ್ಕೆ ತಲೆಗೆ ಸುಮಾರು 220 ವಾಟ್ ಶಾಖ ಅಂತ ಇರುತ್ತೆ. ಅದರಲ್ಲಿ 80 ವಾಟ್ ಥರ್ಮಾಮೀಟರಿಗೆ ಕಾಣುವಂಥದ್ದು, 140 ವಾಟ್ ಬೆವರು-ಉಸಿರಿನ ಆವಿಯಾಗಿ ಹೋಗುವಂಥದ್ದು. ಆ 140 ವಾಟನ್ನು 2,430ರಿಂದ ಭಾಗಿಸಿದರೆ ಒಬ್ಬರಿಂದ ಗಂಟೆಗೆ ಸುಮಾರು 200 ಗ್ರಾಂ ನೀರು. ಇನ್ನೂರು ಜನಕ್ಕೆ 40 ಲೀಟರ್. ಗಂಟೆಗೆ ಎರಡು ದೊಡ್ಡ ನೀರಿನ ಕ್ಯಾನ್‌ಗಳನ್ನು ಗಾಳಿಗೆ ಸುರಿದ ಹಾಗೆ. ಅದರ ಗುಪ್ತೋಷ್ಣವೇ 28 ಕಿಲೋವಾಟ್, ಎಂಟು ಟನ್ ಎಸಿಯ ಕೆಲಸ. ಇಸ್ತ್ರಿ ವಿಭಾಗದ ಹಬೆ, ಬಿಸಿಲಿಗೆ ಕಾದ ತಗಡು ಇನ್ನೂ ಸೇರಿಲ್ಲ.

ಎಸಿ ಇಲ್ಲ, ಸರಿ. ಗಾಳಿಯೇ ಈ ನೀರನ್ನು ಹೊತ್ತು ಹೊರಗೆ ಹೋಗಬೇಕು. ಒಂದು ಕಿಲೋ ಗಾಳಿ ಹೆಚ್ಚುವರಿಯಾಗಿ 3 ಗ್ರಾಂ ಆವಿ ಹೊರುತ್ತೆ ಅಂದುಕೊಂಡರೂ ಗಂಟೆಗೆ 11,000 ಘನ ಮೀಟರ್ ಗಾಳಿ ಹೊರಹೋಗಬೇಕು. ಸೂರಿನಿಂದ ನೇತಾಡುವ ಫ್ಯಾನು ಇದನ್ನು ಮಾಡಲ್ಲ, ಒಳಗಿನ ಗಾಳಿಯನ್ನೇ ಸುತ್ತಿಸುತ್ತೆ. ಬೆವರು ಆರಲು ಅದರಿಂದ ಸಹಾಯವಿದೆ, ನಿಜ. ಆದರೆ ಆರಿದ ಬೆವರು ಶೆಡ್ಡಿನಲ್ಲೇ ಉಳಿಯುತ್ತೆ, ಮಧ್ಯಾಹ್ನ ಮೂರರ ಹೊತ್ತಿಗೆ ಗಾಳಿಗೆ ಇನ್ನಷ್ಟು ಹೊರುವ ಶಕ್ತಿ ಇರಲ್ಲ. ಆಮೇಲೆ ಬೆವರು ಆರದೆ ಸುಮ್ಮನೆ ಹರಿಯುತ್ತೆ. ಹರಿದುಹೋದ ಬೆವರು ಮೈಯನ್ನು ತಂಪು ಮಾಡಲ್ಲ.

ಈ ಜಿಲ್ಲೆಗೆ ಇದು ಹೊಸದೇನಲ್ಲ. ರಾಮನಗರದ ಮಾರುಕಟ್ಟೆಯಿಂದ ಹೋದ ರೇಷ್ಮೆ ಗೂಡು ಬೇಯುವ ಕಡೆ ಒಮ್ಮೆ ನಿಂತು ನೋಡಿ. ಒಲೆಯ ಸೌದೆಯ ಶಾಖದ ದೊಡ್ಡ ಪಾಲು ಹಬೆಯೊಳಗೆ ಕೂತು ನೂಲು ಬಿಚ್ಚುವವರ ಮುಖಕ್ಕೆ ಬರುತ್ತೆ. ಕುದಿವ ನೀರು ಒಂದು ಗ್ರಾಂ ತಾಗಿ ಮೈಯ ಉಷ್ಣಾಂಶಕ್ಕೆ ಇಳಿದರೆ ಕೊಡೋದು ಸುಮಾರು 264 ಜೌಲ್. ಅಷ್ಟೇ ಹಬೆ ತಾಗಿದರೆ 2,500ಕ್ಕೂ ಹೆಚ್ಚು. ಹಬೆ ಸುಟ್ಟರೆ ಯಾಕೆ ಅಷ್ಟು ಆಳ ಸುಡುತ್ತೆ ಅನ್ನೋದಕ್ಕೆ ಅಲ್ಲಿನವರಿಗೆ ಪಠ್ಯಪುಸ್ತಕ ಬೇಕಿಲ್ಲ.

ನೀತಿ ಮಾತ್ರ ಇನ್ನೂ ಡಿಗ್ರಿಯಲ್ಲೇ ಇದೆ. 2025ರ ಜೂನ್‌ನಲ್ಲಿ ಕೇಂದ್ರ ಇಂಧನ ಸಚಿವ ಮನೋಹರ್ ಲಾಲ್ ಖಟ್ಟರ್ ಎಸಿಗಳನ್ನು 20ರಿಂದ 28 ಡಿಗ್ರಿಯೊಳಗೆ ಕಟ್ಟಿಹಾಕುವ ಮಾತಾಡಿದರು. ನಾವೆಲ್ಲ ಮೀಮ್ ಮಾಡಿ ಮುಗಿಸಿದೆವು. 40% ಆರ್ದ್ರತೆಯ 28 ಡಿಗ್ರಿ ಮತ್ತು 80% ಆರ್ದ್ರತೆಯ 28 ಡಿಗ್ರಿ ಒಂದೇ ಅಲ್ಲ, ಎರಡನೆಯದರಲ್ಲಿ ನೀರಾವಿ ಎರಡು ಪಟ್ಟು. ಒಂದು ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಈ ವ್ಯತ್ಯಾಸ ಹೇಳಿಬಿಡುತ್ತೆ. ಆ ‘ವೆಟ್ ಬಲ್ಬ್’ 35 ಡಿಗ್ರಿ ದಾಟಿದರೆ ಮನುಷ್ಯ ದೇಹ ತಡೆಯಲ್ಲ ಅಂತ 2010ರಲ್ಲಿ ವಿಜ್ಞಾನಿಗಳು ಬರೆದರು. 2022ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಜನರನ್ನೇ ಕೂರಿಸಿ ಪರೀಕ್ಷಿಸಿದಾಗ ಸೆಕೆಯ ವಾತಾವರಣದಲ್ಲಿ ಆ ಮಿತಿ ಸುಮಾರು 31ಕ್ಕೇ ಬಂತು.

ಇದರ ಜೊತೆ 2023ರ ಕರ್ನಾಟಕದ ಕಾರ್ಖಾನೆ ತಿದ್ದುಪಡಿಯನ್ನು ಇಟ್ಟು ನೋಡಿ. ವಾರಕ್ಕೆ 48 ಗಂಟೆ ಮೀರದಂತೆ, ಕಾರ್ಮಿಕರ ಲಿಖಿತ ಒಪ್ಪಿಗೆ ಪಡೆದು ದಿನಕ್ಕೆ 12 ಗಂಟೆ ದುಡಿಸಲು ಅದು ಅವಕಾಶ ಕೊಟ್ಟಿತ್ತು. ವಾರದ ಲೆಕ್ಕದಲ್ಲಿ ಅದು ಸರಿಹೋಗುತ್ತೆ, ಮೈಯ ಲೆಕ್ಕದಲ್ಲಿ ಹೋಗಲ್ಲ. 12 ಗಂಟೆ ಅಂದರೆ ಒಬ್ಬರಿಂದ ಸುಮಾರು ಎರಡೂವರೆ ಲೀಟರ್ ನೀರು. ಅಷ್ಟನ್ನು ಕುಡಿದು ತುಂಬಿಸಬೇಕು, ಕುಡಿದರೆ ಶೌಚಾಲಯಕ್ಕೆ ಹೋಗಬೇಕು, ಹೋದರೆ ಟಾರ್ಗೆಟ್ ತಪ್ಪುತ್ತೆ ಅಂತ ನೀರೇ ಕುಡಿಯದ ಹೆಣ್ಣುಮಕ್ಕಳಿದ್ದಾರೆ. ಬೆವರಲು ನೀರೇ ಇಲ್ಲದ ಮೈಗೆ ಎಷ್ಟು ಫ್ಯಾನ್ ಹಾಕಿದರೇನು?

ಕಾನೂನಿನಲ್ಲಿ ಒಂದು ಸಂದು ಇದೆ. 1948ರ ಕಾರ್ಖಾನೆ ಕಾಯ್ದೆಯ 13ನೇ ಸೆಕ್ಷನ್ನಿನ ಶೀರ್ಷಿಕೆ ‘ಗಾಳಿ ಮತ್ತು ಉಷ್ಣಾಂಶ’ ಅಷ್ಟೇ ಆಗಿತ್ತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯ 23ನೇ ಸೆಕ್ಷನ್ನಿನಲ್ಲಿ ಅವೆರಡರ ಪಕ್ಕಕ್ಕೆ ‘ಆರ್ದ್ರತೆ’ ಅನ್ನೋ ಪದವೂ ಬಂದು ಕೂತಿದೆ. ಪದಕ್ಕೆ ಅರ್ಥ ಬರೋದು ನಿಯಮಗಳಲ್ಲಿ: ವೆಟ್ ಬಲ್ಬ್ ಎಷ್ಟಾದರೆ ವಿರಾಮ, ಎಷ್ಟಾದರೆ ಕೆಲಸ ಬಂದ್, ಶೆಡ್ಡಿನ ಯಾವ ಮೂಲೆಯಲ್ಲಿ ಎಷ್ಟು ಗಂಟೆಗೆ ಅಳೆಯಬೇಕು, ಆ ಪುಸ್ತಕವನ್ನು ಕಾರ್ಮಿಕರಿಗೆ ತೋರಿಸಬೇಕೋ ಬೇಡವೋ. ಈ ಸಂಹಿತೆಗಳನ್ನು ಕಾರ್ಮಿಕ ಸಂಘಟನೆಗಳು ವಿರೋಧಿಸಲು ಬಲವಾದ ಕಾರಣಗಳಿವೆ, ನಾನೂ ಒಪ್ಪುತ್ತೇನೆ. ಆದರೆ ಆ ಜಗಳದ ನಡುವೆ ಈ ಒಂದು ಪದ ಕೈಜಾರಬಾರದು. ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಅಂತ ಹೆಸರಿಡಲು 2025ರ ಮೇನಲ್ಲಿ ಸಚಿವ ಸಂಪುಟ ಒಪ್ಪಿತು. ಹಾರೋಹಳ್ಳಿಯ ಶೆಡ್ಡುಗಳ ಗೋಡೆಗೆ ಎರಡು ಥರ್ಮಾಮೀಟರ್, ಒಂದು ಒಣ, ಒಂದು ಒದ್ದೆ, ತೂಗುಹಾಕಿಸಲು ಅಷ್ಟು ದೊಡ್ಡ ಸಭೆಯೂ ಬೇಕಾಗಲ್ಲ.