ಹುಡುಗ ದಡ್ಡ ಅಲ್ರೀ, ಗದ್ದಲ ಜಾಸ್ತಿ ಆತು!

ಸೋಮವಾರ ಇಲ್ಲವೇ ಗುರುವಾರ ಬ್ಯಾಡಗಿಗೆ ಬಂದು ನೋಡ್ರಿ. ಮೆಣಸಿನಕಾಯಿ ಪೇಟೆಗೆ ಬರೋ ಲಾರಿಗಳ ಹಾರ್ನು, ಹಮಾಲರ ಕೂಗು, ಮೇಲೊಂದಿಷ್ಟು ಘಾಟಿಗೆ ಸೀನು. ಅಂಥದೊಂದು ದಿನ ಕಿರಾಣಿ ಅಂಗಡಿ ಮುಂದೆ ನಿಂತಿದ್ದೆ. ಎಂಟೊಂಬತ್ತು ವರ್ಷದ ಹುಡುಗ ಸಾಮಾನು ಕೊಳ್ಳುತ್ತಿದ್ದ. ತಾಯಿ ರಸ್ತೆ ಆಚೆಯಿಂದ ಕೂಗಿದ್ದು ಬೆಲ್ಲ. ಹುಡುಗ ಕಟ್ಟಿಸಿಕೊಂಡದ್ದು ಎಳ್ಳು. “ಕಿವ್ಯಾಗ ಗೂಟ ಬಡಕೊಂಡೀಯೇನೋ?” ಅಂತ ಬೆನ್ನಿಗೊಂದು ಬಿತ್ತು. ಅಂಗಡಿಯವರು ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ?

ಆಮೇಲೆ ಅಂಗಡಿ ಒಳಗೆ ಹತ್ತಿರ ಕೂರಿಸಿಕೊಂಡು ಮಾತಾಡಿಸಿದರೆ ಅದೇ ಹುಡುಗ ಟಕಟಕ ಉತ್ತರ ಕೊಟ್ಟ. ಕಿವುಡನಲ್ಲ, ದಡ್ಡನೂ ಅಲ್ಲ. ಮತ್ತೇನು?

ಸದ್ದು ಹಿಡಿಯೋದು ಕಿವಿ. ಗದ್ದಲದೊಳಗಿಂದ ಮಾತು ಹೆಕ್ಕೋದು ಮಿದುಳು. ನಮಗೆ ಅರ್ಧ ಕೇಳಿದರೂ ಉಳಿದರ್ಧ ಊಹೆಯಿಂದ ತುಂಬಿಕೊಳ್ಳುತ್ತೇವೆ. ಮಕ್ಕಳಲ್ಲಿ ಆ ಶಕ್ತಿ ಹದಿಹರೆಯದ ತನಕ ಬೆಳೆಯುತ್ತಲೇ ಇರುತ್ತದೆ. ಮಾತು ತಡವಾಗಿ ಬಂದವರು, ಆಟಿಸಂ ಇರುವವರು, ಒಂದೇ ಕಿವಿ ಕೇಳುವವರು, ಕಿವಿ ಸೋರುವವರು... ಇಂಥ ಮಕ್ಕಳಿಗಂತೂ ಗದ್ದಲ ಅಂದರೆ ಗೋಡೆ ಇದ್ದಂಗೆ. ನಮ್ಮ ಕನ್ನಡವನ್ನೇ ತಗೊಳ್ಳಿ. ಹಾಲು, ಕಾಲು, ಸಾಲು, ಪಾಲು. ಇದರಲ್ಲಿ ‘ಆ’ ದೊಡ್ಡ ದನಿ, ಹೇಗೋ ಬದುಕಿಕೊಳ್ಳುತ್ತದೆ. ಮೊದಲ ವ್ಯಂಜನ ಬಡಪಾಯಿ, ಹಾರ್ನಿನ ಅಡಿಗೆ ಸಿಕ್ಕು ಸಾಯುತ್ತದೆ. ಹುಡುಗನ ಪಾಲಿಗೆ ಬರೋದು ಬರೀ ‘ಆಲು’. ಅವನು ಏನು ತರಬೇಕು, ನೀವೇ ಹೇಳಿ!

ದವಾಖಾನೆಗೆ ತೋರಿಸಿದ್ದೇವೆ, ಕಿವಿ ಸರಿ ಐತಿ ಅಂದ್ರು ಅಂತ ತಂದೆತಾಯಿ ಹೇಳುತ್ತಾರೆ. ಆ ಪರೀಕ್ಷೆ ನಡೆಯೋದು ಸದ್ದಿಲ್ಲದ ಕೋಣೆಯಲ್ಲಿ ಸ್ವಾಮಿ. ಅಲ್ಲಿ ಪಾಸಾದವ ಪೇಟೆಯಲ್ಲಿ ಫೇಲಾಗಬಹುದು. ಗದ್ದಲದ ನಡುವೆ ಮಾತು ಎಷ್ಟು ತಿಳಿಯುತ್ತದೆ ಅಂತ ನೋಡುವ ಪರೀಕ್ಷೆಯೇ ಬೇರೆ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡ ವಾಕ್ಯಗಳಲ್ಲೇ ಅದನ್ನು ರೂಪಿಸಿದ್ದಾರೆ. ಮೈಸೂರು ದೂರ, ಒಪ್ಪಿದೆ. ಆದರೆ ಶಾಲೆ, ಅಂಗನವಾಡಿಗೆ ಮಕ್ಕಳ ತಪಾಸಣೆಗೆ ಸರ್ಕಾರಿ ತಂಡ ಬರುತ್ತದೆ, 2013ರಿಂದ ಆ ಕಾರ್ಯಕ್ರಮ ಇದೆ. “ಗದ್ದಲದಾಗ ಇವಗ ತಿಳಿಯೂದಿಲ್ರಿ” ಅಂತ ಅವರ ಮುಂದೆ ಬಾಯಿ ಬಿಟ್ಟು ಹೇಳಬೇಕಲ್ಲ?

ಶಾಲೆಗಳ ಕಥೆ ಇನ್ನೊಂದು. ತರಗತಿಯಲ್ಲಿ ಸದ್ದು 35 ಡೆಸಿಬಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ಶಾಲೆ ಸುತ್ತ 100 ಮೀಟರು ನಿಶ್ಶಬ್ದ ವಲಯ ಮಾಡಲು ಅವಕಾಶವಿದೆ, ಹಗಲಿನ ಮಿತಿ 50 ಡೆಸಿಬಲ್. ಹಾವೇರಿಯಲ್ಲಾಗಲಿ ರಾಣೆಬೆನ್ನೂರಿನಲ್ಲಾಗಲಿ ರಸ್ತೆ ಬದಿಯ ಶಾಲೆ ಮುಂದೆ ಐದು ನಿಮಿಷ ನಿಂತು ಲೆಕ್ಕ ಹಾಕಿ! ಮಾಸ್ತರರ ದನಿ ದೂರ ಇಮ್ಮಡಿಯಾದಂತೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹಿಂದಿನ ಬೆಂಚಿಗೆ ಮುಟ್ಟುವ ಹೊತ್ತಿಗೆ ಅದು ಫ್ಯಾನಿನ ಸದ್ದಿಗೂ ಸಮ. ತಗಡಿನ ಮಾಡಿನ ಮೇಲೆ ಮಳೆ ಬಿದ್ದರಂತೂ ಪಾಠಕ್ಕೆ ರಜೆ.

ಶ್ರವಣ ಯಂತ್ರ ಹಾಕಿದರಾಯಿತು ಅನ್ನಬೇಡಿ. ಅದು ಮಾತಿನ ಜೊತೆ ಗದ್ದಲವನ್ನೂ ಹಿಗ್ಗಿಸುತ್ತದೆ. ಶಿಕ್ಷಕರ ಕೊರಳಿಗೆ ಸಣ್ಣ ಮೈಕು, ಮಗುವಿನ ಕಿವಿಗೆ ನೇರ ದನಿ, ಅಂಥ ಉಪಕರಣ ಒಳ್ಳೇದೇ, ಆದರೆ ದುಬಾರಿ. ಕಾಸಿಲ್ಲದ ಕೆಲಸ ಮೊದಲು ಮಾಡೋಣ. ಅಂಥ ಮಗುವನ್ನು ಕಿಟಕಿಯಿಂದ ದೂರ, ಮುಂದಿನ ಸಾಲಿಗೆ ತನ್ನಿ. ಹೆಸರು ಹಿಡಿದು ಕರೆದು, ಅದು ನಿಮ್ಮ ಮುಖ ನೋಡಿದ ಮೇಲೆ ಬಾಯಿ ತೆರೆಯಿರಿ. ಒಂದು ಸಲಕ್ಕೆ ಒಂದೇ ಮಾತು. ಕಿರುಚಬೇಡಿ, ಕಿರುಚಿದರೆ ಸ್ವರ ಉಬ್ಬುತ್ತದೆ, ವ್ಯಂಜನ ಅಲ್ಲೇ ಉಳಿಯುತ್ತದೆ.

ಕಂಡಕ್ಟರ್ ಅಣ್ಣಂದಿರಿಗೂ ಒಂದು ಮಾತು. ತುಂಬಿದ ಬಸ್ಸಿನಲ್ಲಿ “ಮೋಟೆಬೆನ್ನೂರು ಯಾರ್ರೀ?” ಅಂತ ಬಾಗಿಲಲ್ಲಿ ಕೂಗಿದರೆ ಅಂಥ ಹುಡುಗ ಹಾವೇರಿಯಲ್ಲೇ ಇಳಿಯೋದು. ಹೆಗಲು ಮುಟ್ಟಿ ಹೇಳಿದರೆ ಅರ್ಧ ನಿಮಿಷವೂ ಹಿಡಿಯೋದಿಲ್ಲ.

ಮೊನ್ನೆ ಅದೇ ಅಂಗಡಿಗೆ ಹೋಗಿದ್ದೆ. ಹುಡುಗ ಬಂದ. ಮಾಲೀಕರು ರೇಡಿಯೋ ಬಂದ್ ಮಾಡಿ, ತಕ್ಕಡಿ ಬಿಟ್ಟು ಮುಂದೆ ಬಾಗಿ “ಏನ್ ಬೇಕಪ್ಪಾ?” ಅಂದರು. ಬೆಲ್ಲ ಅಂದ. ಬೆಲ್ಲವೇ ಹೋಯಿತು.